ಖಾನಾಪುರದ ಮಾಮಾನ ಪಾತ್ರ

ನನಗೆ ಹಾಡಲು ಬರುವುದಿಲ್ಲ, ಈಜಲು ಬರುವುದಿಲ್ಲ, ನಾಲ್ಕು ಜನರ ನಡುವೆ ಎದ್ದು ನಿಂತು ಎರಡು ಮಾತಾಡು ಎಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಈ ಜನ್ಮದಲ್ಲಿ ನನಗೆ ಒಲಿದದ್ದು ಒಂದೇ ಒಂದು ಪಾತ್ರ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಹತ್ತು ಪಾತ್ರ ಬರುತ್ತವೆ ಎಂದು ಎದೆ ತಟ್ಟಿಕೊಳ್ಳುವ ಹವ್ಯಾಸಿ ನಟರನ್ನು ನಾನು ಬಲ್ಲೆ; ಅವರು ರಾಜನನ್ನೂ ಬಿಲ್ ಕಲೆಕ್ಟರನನ್ನೂ ಒಂದೇ ರೀತಿ ಮಾಡುತ್ತಾರೆ, ಕಿರೀಟ ಮಾತ್ರ ಬದಲಾಗುತ್ತದೆ. ಬೆಳಗಾವಿಯ ಶಿವಬಸವ ನಗರದ ನಮ್ಮ ಕಾಲೊನಿಯಲ್ಲಿ ಯುಗಾದಿಯ ನಂತರದ ಭಾನುವಾರ ಸಂಜೆ ನಾಟಕವಾಗುತ್ತದೆ. ನಾಟಕದ ಹೆಸರು ವರ್ಷ ವರ್ಷ ಬದಲಾಗುತ್ತದೆ, ಕಥೆ ಮಾತ್ರ ಅದೇ. ಒಂದು ಕನ್ನಡದ ಮನೆ, ಅಲ್ಲೊಬ್ಬಳು ಮದುವೆಗೆ ಬಂದ ಮಗಳು, ಅವಳನ್ನು ನೋಡಲು ಖಾನಾಪುರದಿಂದ ಬರುವ ಮರಾಠಿ ಮಾತಿನ ಬೀಗರು. ಆ ಬೀಗರ ಹಿರಿಯ, ಕರಿ ಟೊಪಗಿ, ಧೋತರ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಮೂರನೆಯ ದೃಶ್ಯದಲ್ಲಿ ಬರುವ ಮಾಮಾ, ಅದು ನಾನು. ಇಪ್ಪತ್ತೆಂಟು ವರ್ಷಗಳಿಂದ ನಾನೇ.

ಮಾಮಾ ಬಂದವನು ಕೂರುವ ಮೊದಲು ಕುರ್ಚಿಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟು ಕೇಳುತ್ತಾನೆ. ಜನ ನಗುತ್ತಾರೆ. ಹುಡುಗಿ ತಂದ ಚಹಾದ ತಾಟು ಬಡಿಯುತ್ತಾನೆ, ಇನ್ನಷ್ಟು ನಗುತ್ತಾರೆ. ‘ಹೇ ಬಗಾ’, ಅಂದರೆ ಇಲ್ಲಿ ನೋಡಿ, ಎಂದು ಶುರು ಮಾಡಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಏನೋ ಹೇಳಿ ಹುಡುಗಿಯ ಅಪ್ಪನ ಬೆನ್ನನ್ನೇ ಬಡಿದು ನೋಡುತ್ತಾನೆ, ಆಗ ಮುಂದಿನ ಸಾಲಿನ ಮಕ್ಕಳು ಕುರ್ಚಿಯಿಂದ ಜಾರುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದ ನನ್ನನ್ನು ಆ ಕಾರಣಕ್ಕೆ ಯಾರೂ ನೆನಪಿಟ್ಟಿಲ್ಲ. ಹಾಲಿನವನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರಿಗೂ ನಾನು ಮಾಮಾ. ಒಮ್ಮೆ ಕೊರಿಯರಿನವನು ನನ್ನ ನಿಜವಾದ ಹೆಸರು ಹಿಡಿದು ಕೇಳಿಕೊಂಡು ಬಂದಾಗ, ಅಂಥವರು ಈ ಓಣಿಯಲ್ಲಿ ಇಲ್ಲ ಎಂದು ಎದುರು ಮನೆಯವರು ವಾಪಸ್ಸು ಕಳಿಸಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ, ಒಳಗೊಳಗೇ ಖುಷಿಯಾಯಿತು.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ತಾಲೀಮಿಗೆ ಸೇರಿದೆವು. ಇಷ್ಟು ವರ್ಷ ನಾಟಕ ಕಲಿಸುತ್ತಿದ್ದ ಡ್ರಿಲ್ ಮಾಸ್ತರರು ಮೊಣಕಾಲು ನೋವೆಂದು ಹಿಂದೆ ಸರಿದು, ಜವಾಬ್ದಾರಿಯನ್ನು ಅಕ್ಷತಾಳಿಗೆ ಒಪ್ಪಿಸಿದ್ದರು. ಅಕ್ಷತಾ ನಮ್ಮ ಓಣಿಯ ಹುಡುಗಿ. ಚಿಕ್ಕವಳಿದ್ದಾಗ ನನ್ನ ಕರಿ ಟೊಪಗಿಯಲ್ಲಿ ಹುರಿದ ಶೇಂಗಾ ತುಂಬಿಕೊಂಡು ತಿಂದವಳು. ಈಗ ಕಾಲೇಜಿನಲ್ಲಿ ಕಲಿಸುತ್ತಾಳೆ, ಧಾರವಾಡದಲ್ಲಿ ನಾಟಕದ ಅಭ್ಯಾಸ ಮಾಡಿ ಬಂದಿದ್ದಾಳೆ. ನಾಟಕವನ್ನು ಪೂರಾ ಓದಿಸಿ, ಕಾಗದಗಳನ್ನು ಸರಿಯಾಗಿ ಜೋಡಿಸಿಟ್ಟು, ಬಹಳ ಮೆತ್ತಗೆ ಎರಡು ಪಾತ್ರಗಳ ವಿಷಯ ಎತ್ತಿದಳು. ಒಂದು, ಎರಡನೆಯ ದೃಶ್ಯದಲ್ಲಿ ಬರುವ ಜೋಗಪ್ಪನದು. ಗಂಡಾಗಿ ಹುಟ್ಟಿ, ಎಲ್ಲಮ್ಮನ ಸೇವೆಗೆಂದು ಸೀರೆಯುಟ್ಟು, ಚೌಡಿಕೆಯ ತಂತಿ ಮೀಟಿ ಹಾಡುತ್ತಾ ಬದುಕುವವರು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ನಾಟಕದಲ್ಲಿ ಮಾತ್ರ ಆ ಪಾತ್ರಕ್ಕೆ ಹಾಡಿಲ್ಲ, ಸೊಂಟ ಕುಣಿಸಿ ಚಪ್ಪಾಳೆ ತಟ್ಟಿ ಹೋಗುವುದಷ್ಟೇ ಕೆಲಸ. ಅದನ್ನು ಮಾಡುತ್ತಿದ್ದವರು ನಿವೃತ್ತ ಪೋಸ್ಟ್ ಮಾಸ್ತರ್ ಚನ್ನಪ್ಪನವರು. ಅಕ್ಷತಾ ಅಂಥ ಬದುಕನ್ನೇ ಬದುಕುತ್ತಿರುವ ಒಬ್ಬರನ್ನು ಕೇಳಿ ಬಂದಿದ್ದಳಂತೆ. ಹಾಡಲು ಬಿಟ್ಟರೆ ಬರುತ್ತೇನೆ, ಬರೀ ನಗಿಸಲು ಕರೆದರೆ ಬರುವುದಿಲ್ಲ ಎಂದರಂತೆ. ಇನ್ನು ಮುಂದೆ ಅವರೇ ಬರುತ್ತಾರೆ, ಅವರ ಮಾತು ಅವರೇ ಬರೆದುಕೊಳ್ಳುತ್ತಾರೆ ಎಂದಳು. ಚನ್ನಪ್ಪನವರು ಪ್ರತಿಭಟಿಸಬಹುದು, ನಾನೂ ಅವರ ಹಿಂದೆ ನಿಲ್ಲಬಹುದು ಎಂದು ಕಾದೆ. ಅವರೋ, ಸೀರೆಯ ಬಿಗಿತಕ್ಕೆ ನಾಲ್ಕು ವರ್ಷಗಳಿಂದ ಬೆನ್ನು ಹಿಡಿಯುತ್ತಿತ್ತು, ದೊಡ್ಡ ಉಪಕಾರವಾಯಿತು ಎಂದು ಕೈಮುಗಿದು ಕೂತುಬಿಟ್ಟರು.

ಎರಡನೆಯ ಪಾತ್ರ ಯಾವುದೆಂದು ಎಲ್ಲರಿಗೂ ಗೊತ್ತಾಗಿತ್ತು. ಎಲ್ಲರೂ ನನ್ನನ್ನು ಬಿಟ್ಟು ಬೇರೆ ಕಡೆ ನೋಡುತ್ತಿದ್ದರು.

“ಕಾಕಾ, ನೀವು ಛಲೋ ಮಾಡ್ತೀರಿ, ಅದರಾಗ ಮಾತಿಲ್ಲ. ಖರೇ, ಅದು ಅವರ ಪಾತ್ರ. ಮರಾಠಿ ಮನಷ್ಯಾನ ಪಾತ್ರ ಮರಾಠಿ ಮನಷ್ಯಾನ ಮಾಡಲಿ. ಬೆಳಗಾವಿಯಾಗ ಅವರಿಗೇನು ಬರಾ ಬಂದದೇನು?” ಎಂದಳು ಅಕ್ಷತಾ.

ನಾನು ಸುಮ್ಮನಿರಲಿಲ್ಲ. ಹಾಗಾದರೆ ಕಳ್ಳನ ಪಾತ್ರಕ್ಕೆ ಹಿಂಡಲಗಾ ಜೈಲಿನಿಂದ ಜನ ಕರೆಸಬೇಕೇನು, ಹೆಣದ ಪಾತ್ರಕ್ಕೆ ಎಲ್ಲಿಂದ ತರುತ್ತಿ ಎಂದು ಕೇಳಿದೆ. ಎಲ್ಲರೂ ನಕ್ಕರು. ಅಕ್ಷತಾಳೂ ನಕ್ಕಳು. ಕಳ್ಳನಾಗಿ ಯಾರೂ ಹುಟ್ಟಿರುವುದಿಲ್ಲವಲ್ಲ ಎಂದಳು. ನಾನು ಬಿಡದೆ, ಇಷ್ಟು ವರ್ಷ ಸಾವಿರಾರು ಜನ ನಕ್ಕಿದ್ದಾರೆ, ಯಾರಿಗೂ ನೋವಾಗಿಲ್ಲ ಎಂದೆ. ಆಗ ಅವಳು ಹೇಳಿದಳು: “ಎಲ್ಲಾರೂ ನಗೂಮುಂದ ಯಾರರ ಒಬ್ಬರು ನಗದ ಕುಂತಿರ್ತಾರ ಕಾಕಾ. ಸ್ಟೇಜಿನ ಮ್ಯಾಲೆ ಇದ್ದವರಿಗೆ ಅವರು ಕಾಣಂಗಿಲ್ಲ.” ಬೇಕಾದರೆ ಖಾನಾಪುರದ ನನ್ನ ಹೆಂಡತಿಯ ತಮ್ಮ ಸುಭಾಷನನ್ನೇ ಕೇಳುತ್ತೇನೆ, ಅವನಿಗಿಂತ ಪಕ್ಕಾ ಮರಾಠಿ ಯಾರು ಸಿಕ್ಕಾರು ಎಂದು ದೊಡ್ಡತನ ತೋರಿಸಿ ಎದ್ದು ಬಂದೆ. ಮನೆ ಮುಟ್ಟುವವರೆಗೆ ಆ ದೊಡ್ಡತನ ಉಳಿಯಲಿಲ್ಲ.

ಅವಳ ಮಾತು ನನಗೆ ತಾಗಿದ್ದಕ್ಕೆ ಕಾರಣವಿತ್ತು. ಅದನ್ನು ಕಾಲೊನಿಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಆ ಮಾಮಾ ನನ್ನ ಸೃಷ್ಟಿಯಲ್ಲ. ಅವರು ನನ್ನ ಮಾವ, ಹೆಂಡತಿ ಸುನಂದಾಳ ತಂದೆ. ಮನೆಯಲ್ಲಿ ಮಕ್ಕಳೆಲ್ಲ ಅವರನ್ನು ಅಣ್ಣಾ ಎನ್ನುತ್ತಿದ್ದರು. ಖಾನಾಪುರದಲ್ಲಿ ಹಂಚಿನ ವ್ಯಾಪಾರ. ಚೆನ್ನಾಗಿ ಬೆಂದ ಹಂಚನ್ನು ಬಡಿದರೆ ಗಣ್ ಎನ್ನುತ್ತದೆ, ಹಸಿ ಹಂಚು ಥಪ್ ಎನ್ನುತ್ತದೆ. ನಲವತ್ತು ವರ್ಷ ಹಂಚು ಬಡಿದ ಕೈ ಅದು, ಬೇರೆ ಏನು ಕಂಡರೂ ಬಡಿಯದೆ ಬಿಡುತ್ತಿರಲಿಲ್ಲ. ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯ ಕುರ್ಚಿ ಬಡಿದರು, ಬಾಗಿಲು ಬಡಿದರು, ಹೊರಡುವಾಗ ಪ್ರೀತಿಯಿಂದ ನನ್ನ ಬೆನ್ನನ್ನೂ ಬಡಿದರು. ಮನೆಗೆ ಹೋಗಿ ಅವರು ಕೊಟ್ಟ ವರದಿಯನ್ನು ಸುಭಾಷ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ: ‘ಥೋಡಾ ಕಚ್ಚಾ ಆಹೆ, ಪಣ ಚಾಲೇಲ್.’ ಸ್ವಲ್ಪ ಹಸಿ ಇದ್ದಾನೆ, ಆದರೆ ನಡೆದೀತು.

ನಾವೂ ಜೈನರು, ಅವರೂ ಜೈನರು. ಬಸದಿ ಒಂದೇ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದೂ ಒಂದೇ, ಮಾತು ಮಾತ್ರ ಬೇರೆ. ಮದುವೆಯಾದ ಹೊಸದರಲ್ಲಿ ದೀಪಾವಳಿಗೆಂದು ಲೋಂಡಾ ಕಡೆ ಹೋಗುವ ಪ್ಯಾಸೆಂಜರ್ ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದೆವು. ಸ್ಟೇಷನ್ನಿಗೆ ಅಣ್ಣಾ ತಾವೇ ಬರುತ್ತಿದ್ದರು. ಅವರು ನನ್ನ ಮೇಲಿನ ಮರ್ಯಾದೆಗೆ ಕನ್ನಡದಲ್ಲಿ ಮಾತಾಡುತ್ತಿದ್ದರು, ನಾನು ಅವರ ಮೇಲಿನ ಮರ್ಯಾದೆಗೆ ಮರಾಠಿಯಲ್ಲಿ. ಇಬ್ಬರದೂ ತಪ್ಪು ತಪ್ಪು. ಅತ್ತೆ ನಡುವೆ ನಿಂತು ಎರಡೂ ಕಡೆ ತಿದ್ದುತ್ತಿದ್ದರು. ಬೇಗ ಊಟವಾಗಿಬಿಡುತ್ತಿದ್ದುದರಿಂದ ಸಂಜೆ ಬಹಳ ಉದ್ದವಿರುತ್ತಿತ್ತು. ಅಣ್ಣಾ ನನ್ನನ್ನು ಹಂಚಿನ ಸಾಲುಗಳ ನಡುವೆ ಅಡ್ಡಾಡಿಸುತ್ತಾ, ಒಂದೊಂದನ್ನು ಬಡಿದು, ಇದು ಕೇಳ್ರಿ, ಇದು ಕೇಳ್ರಿ ಎನ್ನುತ್ತಿದ್ದರು. ಬಿಸಿಲಿಗೆ ಕಾದ ಕೆಂಪು ಹಂಚಿನ ಮೇಲೆ ಸಂಜೆಯ ತಂಪು ಬಿದ್ದಾಗ ಏಳುವ ಮಣ್ಣಿನ ವಾಸನೆ ಈಗಲೂ ನನಗೆ ಕೆಲವು ಸಲ ಸುಮ್ಮನೆ ಬರುತ್ತದೆ. ನನ್ನ ಸ್ವಂತ ಅಪ್ಪ ನನ್ನ ಜೊತೆ ಅಷ್ಟು ಹೊತ್ತು ಅಡ್ಡಾಡಿದ್ದು ನೆನಪಿಲ್ಲ. ಆ ಸಂಜೆಗಳನ್ನು ನಾನು ಬಹಳ ಪ್ರೀತಿಸುತ್ತಿದ್ದೆ.

ಮದುವೆಯಾಗಿ ಮೂರು ವರ್ಷಕ್ಕೆ, ಕಾಲೊನಿಯ ನಾಟಕದಲ್ಲಿ ಬೀಗರ ಪಾತ್ರದವನಿಗೆ ಮಂಗನಬಾವು ಬಂದು ಗಲ್ಲ ಊದಿಕೊಂಡಿತು. ಹಿಂದೆ ಮುಂದೆ ನೋಡದೆ ನನ್ನನ್ನು ನೂಕಿದರು. ಏನು ಮಾಡಬೇಕೋ ತಿಳಿಯದೆ, ಗಾಬರಿಯಲ್ಲಿ ಕುರ್ಚಿ ಬಡಿದೆ. ಜನ ನಕ್ಕರು. ಒಮ್ಮೆ ನಗು ಸಿಕ್ಕ ಹವ್ಯಾಸಿ ನಟ ಹಿಡಿದದ್ದನ್ನು ಬಿಡುವುದಿಲ್ಲ. ಮುಂದಿನ ವರ್ಷಗಳಲ್ಲಿ ಅಣ್ಣಾನ ಟೊಪಗಿ ಬಂತು, ಕೊಡೆ ಬಂತು, ಗಂಟಲು ಸರಿಮಾಡಿಕೊಳ್ಳುವ ರೀತಿ ಬಂತು. ಆಮೇಲಾಮೇಲೆ ಖಾನಾಪುರಕ್ಕೆ ಹೋದಾಗ ಹಬ್ಬದ ಹೋಳಿಗೆಗಿಂತ ಹೆಚ್ಚಾಗಿ ಅವರು ಹೇಗೆ ಎದ್ದರು, ಹೇಗೆ ಕೂತರು ಎಂಬುದರ ಕಡೆಗೇ ನನ್ನ ಲಕ್ಷ್ಯವಿರುತ್ತಿತ್ತು. ಮತ್ತು ಅಣ್ಣಾ ಪ್ರತಿ ವರ್ಷ ಈ ನಾಟಕ ನೋಡಲು ಬರುತ್ತಿದ್ದರು. ನಮ್ಮ ಮನೆಯಲ್ಲಿ ಬೆಳಕಿರುವಾಗಲೇ ಊಟ ಮುಗಿಸಿ, ಮಗಳ ಬಾಜೂಕ್ಕೆ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದರು. ಆರು ವರ್ಷದ ಹಿಂದೆ ತೀರಿಕೊಳ್ಳುವವರೆಗೆ ಒಂದು ವರ್ಷವೂ ತಪ್ಪಿಸಲಿಲ್ಲ. ನಾಟಕ ಮುಗಿದ ಮೇಲೆ ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳುತ್ತಿರಲಿಲ್ಲ. ನೀರು ಕುಡಿದು, ನಾಳೆ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿ ಮಲಗುತ್ತಿದ್ದರು. ಅವರಿಗೆ ತಮ್ಮ ಗುರುತು ಹತ್ತಿಲ್ಲ, ತನ್ನನ್ನು ತಾನು ಯಾರು ನೋಡಿಕೊಂಡಿರುತ್ತಾರೆ ಎಂದು ನಾನು ಅನುಕೂಲವಾಗಿ ನಂಬಿಕೊಂಡಿದ್ದೆ. ಮಾಮಾನಿಗೆ ಚಷ್ಮಾ ಇಲ್ಲ. ನನ್ನದು ದಪ್ಪ ಗಾಜು, ತೆಗೆದಿಟ್ಟರೆ ಮೊದಲ ಸಾಲೇ ಮಂಜು. ಅವರು ನಗುತ್ತಿದ್ದರೋ ಇಲ್ಲವೋ ನಾನು ಒಂದು ಸಲವೂ ನೋಡಿಲ್ಲ.

ಅವತ್ತು ಸಂಜೆ ಸುನಂದಾ ಮೆಂತೆಸೊಪ್ಪು ಸೋಸುತ್ತಾ ಕೂತಿದ್ದಳು. ಎದುರಿಗೆ ಕೂತು, ನಾಟಕ ನೋಡುವಾಗ ಅಣ್ಣಾ ನಗುತ್ತಿದ್ದರೇನು ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ. “ಇಪ್ಪತ್ತೆರಡು ವರ್ಷ ಕೇಳಲಿಲ್ಲ, ಈಗ್ಯಾಕ ಕೇಳ್ತೀರಿ?” ಎಂದಳು. ಇನ್ನೊಮ್ಮೆ ಕೇಳಿದ್ದಕ್ಕೆ, ಹೇಗೂ ಸುಭಾಷನನ್ನು ಕರೆಯಲು ಹೋಗುತ್ತೀರಲ್ಲ, ಅಲ್ಲೇ ಕೇಳಿ, ನಾನೂ ಬರುತ್ತೇನೆ ಎಂದು ಸೊಪ್ಪು ತೊಳೆಯಲು ಎದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಕಲಿತ ಒಂದು ವಿಷಯವೆಂದರೆ, ಸುನಂದಾ ಸೊಪ್ಪಿನ ಕಡೆ ನೋಡುತ್ತಾ ಮಾತಾಡಿದರೆ ಅವಳ ಬಳಿ ಏನೋ ಇದೆ. ಆ ವಾರ ಪೂರ್ತಿ ನನಗೆ ಅದೇ ಯೋಚನೆ. ಅಣ್ಣಾ ಸಭೆಯ ನಡುವೆ ಬಿಗಿದ ಮುಖದಲ್ಲಿ ಕೂತಂತೆ, ನಾನು ಮೇಲೆ ನಿಂತು ಅವರ ಕೈಗೆಣ್ಣನ್ನೇ ಜನರಿಗೆ ಹಂಚುತ್ತಿರುವಂತೆ ಕಲ್ಪಿಸಿಕೊಂಡು ಸಂಕಟವಾಗುತ್ತಿತ್ತು. ಕ್ಷಮೆ ಕೇಳೋಣವೆಂದರೆ ಅವರಿಲ್ಲ.

ಫೆಬ್ರುವರಿಯಲ್ಲಿ ಒಂದು ಶನಿವಾರ ಕುಂದಾದ ಡಬ್ಬಿ ಹಿಡಿದು ಹೊರಟೆವು. ಮಲಪ್ರಭೆಯ ಸೇತುವೆ ದಾಟುವಾಗ ಸುನಂದಾ ಎಂದಿನಂತೆ ಕೈಮುಗಿದಳು. ಸ್ಟೇಷನ್ನಿನಲ್ಲಿ ಸುಭಾಷ ನಿಂತಿದ್ದ. ಈಗ ಹಂಚಿನ ವ್ಯಾಪಾರ ಇಳಿದು ಸಿಮೆಂಟಿನ ಶೀಟು ಮಾರುತ್ತಾನೆ, ಶೀಟನ್ನು ಬಡಿದರೆ ಹೇಳುವಂಥ ಸದ್ದೇನೂ ಬರುವುದಿಲ್ಲ. ಅವನು ನನ್ನನ್ನು ದಾಜಿ ಎನ್ನುತ್ತಾನೆ, ಅಂದರೆ ಅಕ್ಕನ ಗಂಡ. ನಾನು ಬಂದ ಕೆಲಸ ಹೇಳಿದೆ. ಬೆಳಗಾವಿಯಲ್ಲಿ ಮಾಮಾನ ಪಾತ್ರ ನೀನು ಮಾಡಬೇಕು, ಹೊಸ ಕಾಯ್ದೆ ಬಂದಿದೆ ಎಂದೆ. ಅವನು ಜೋರಾಗಿ ನಕ್ಕು, ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ. ಅವರ ಊರಿನಲ್ಲಿ ಶಿಮಗಾಕ್ಕೆ, ನಾವು ಹೋಳಿ ಎನ್ನುತ್ತೇವಲ್ಲ ಆ ಹಬ್ಬಕ್ಕೆ, ಮರಾಠಿ ನಾಟಕ ಆಡುತ್ತಾರೆ. ಸಂಜೆ ತಾಲೀಮಿದೆ, ಮೊದಲು ಅದನ್ನು ನೋಡಿ, ಆಮೇಲೆ ಮಾತಾಡೋಣ ಎಂದ. ಶಿಮಗಾ ಮಾರ್ಚಿನಲ್ಲಿ ಬರುತ್ತದೆ. ಕಚೇರಿಯಲ್ಲಿ ವರ್ಷದ ಕೊನೆಯ ಗದ್ದಲವೆಂದು ನಾನು ಒಂದು ವರ್ಷವೂ ಹೋದವನಲ್ಲ. ಸುನಂದಾ ಮಾತ್ರ ಮಕ್ಕಳನ್ನು ಕಟ್ಟಿಕೊಂಡು ತಪ್ಪದೆ ಹೋಗುತ್ತಿದ್ದಳು.

ಹಳೆಯ ಹಂಚಿನ ಗೋದಾಮಿನಲ್ಲಿ ತಾಲೀಮು. ಹತ್ತಿಪ್ಪತ್ತು ಜನ, ಗೋಡೆಗೆ ಒರಗಿ ಕೂತ ಕೆಲವು ಹಿರಿಯ ಹೆಂಗಸರು, ನಾಟಕ ಕಲಿಸುವ ಒಬ್ಬ ಶಾಲೆಯ ಗುರುಜಿ. ನಾನು ಒಂದು ಮೂಲೆಯಲ್ಲಿ ಕೂತೆ. ಮರಾಠಿ ಮನೆಯೊಂದಕ್ಕೆ ಬೆಳಗಾವಿಯಿಂದ ಅಳಿಯ ಬರುವ ದೃಶ್ಯ. ‘ಕಾನಡಿ ಜಾವಯಿ’, ಕನ್ನಡದ ಅಳಿಯ. ಸುಭಾಷನೇ ಆ ಅಳಿಯ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿಟ್ಟು, ಎರಡು ಹೆಜ್ಜೆ ಹೋಗಿ, ಮತ್ತೆ ಬಂದು ಚಪ್ಪಲಿಯನ್ನು ಇನ್ನಷ್ಟು ಗೋಡೆಗೆ ಸರಿಸಿದ. ಕೂತವನು ಮನೆಯವರೆಲ್ಲ ಬೆಳಿಗ್ಗೆಯೇ ಓದಿ ಮುಗಿಸಿದ ಪೇಪರನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿದ. ತಾಟು ಬರುವ ಮೊದಲೇ ಮೊಸರು ಇದೆಯೇ ಎಂದು ಕೇಳಿದ. ಬಡಿಸಿದ ಪ್ರತಿಯೊಂದನ್ನೂ ಯಾರಿಗೂ ಕಾಣದಂತೆ ಮೂಸಿ ನೋಡಿದ, ಅದು ಎಲ್ಲರಿಗೂ ಕಂಡಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ಮೊದಲು ನಕ್ಕೆ. ಎಂಥ ಮನುಷ್ಯ ಇವನು, ಇಂಥವರೂ ಇರುತ್ತಾರಲ್ಲ ಎಂದುಕೊಂಡೆ. ಆಮೇಲೆ ಸುನಂದಾ ನನ್ನ ಕಡೆ ತಿರುಗಿ ನೋಡುತ್ತಿರುವುದು ಗಮನಕ್ಕೆ ಬಂತು. ಬಾಗಿಲಲ್ಲಿ ನನ್ನ ಚಪ್ಪಲಿಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದವು.

ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಒಳ್ಳೆಯ ಸಿಟ್ಟೇ ಬಂತು. ಕನ್ನಡದವರೆಲ್ಲ ಹೀಗೆಯೇ ಅನ್ನುವ ಹಾಗೆ ಒಬ್ಬನನ್ನು ನಿಲ್ಲಿಸಿ ನಗುವುದು ಯಾವ ನ್ಯಾಯ, ಮನುಷ್ಯನಿಗೆ ಮರ್ಯಾದೆ ಬೇಡವೇ ಎಂದೆಲ್ಲ ಮನಸ್ಸಿನಲ್ಲಿ ಎದ್ದಿತು. ಅಕ್ಷತಾ ಹೇಳಿದ್ದನ್ನೆಲ್ಲ ನಾನು ಅವಳಿಗಿಂತ ಚೆನ್ನಾಗಿ ಹೇಳಬಲ್ಲೆ ಎನಿಸಿತು. ತಾಲೀಮು ನಿಂತಾಗ ಸುಭಾಷನನ್ನು ಪಕ್ಕಕ್ಕೆ ಕರೆದು, ಇದನ್ನು ಯಾವಾಗಿನಿಂದ ಮಾಡುತ್ತಿದ್ದೀ ಎಂದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ನಾ ಎಂಟು ವರ್ಷದಿಂದ ಅಷ್ಟರಿ ದಾಜಿ. ಅದಕ್ಕೂ ಮೊದಲ ಅಣ್ಣಾ ಮಾಡ್ತಿದ್ರು.”

ನನಗೆ ಅರ್ಥವಾಗಲಿಲ್ಲ. ಅಣ್ಣಾ ಹಂಚು ಮಾರುವವರು. ಅವರಿಗೆ ನಾಟಕವೆಲ್ಲಿಯದು? ಇಪ್ಪತ್ತು ವರ್ಷ ಅಣ್ಣಾನೇ ಜಾವಯಿ, ಅಣ್ಣಾ ಚಪ್ಪಲಿ ಸರಿ ಮಾಡಿದರೆಂದರೆ ಗೋದಾಮು ಬಿದ್ದು ಹೋಗುವಷ್ಟು ನಗು ಎಂದು ಗೋಡೆಯ ಹೆಂಗಸರು ಮರಾಠಿಯಲ್ಲಿ ನೆನಪು ಮಾಡಿಕೊಳ್ಳತೊಡಗಿದರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಅಣ್ಣಾ ಬ್ಯಾಡಂದಿದ್ರು. ದಾಜಿಗೆ ಗೊತ್ತಾದ್ರ ಅಂವ ನೆಟ್ಟಗ ನಡ್ಯಾಕ ಶುರು ಮಾಡ್ತಾನ, ನಮ್ಮ ಪಾತ್ರ ಹಾಳಾಗ್ತದ ಅಂತಿದ್ರು,” ಎಂದ ಸುಭಾಷ.

ಆಗ ಸುನಂದಾ ಬಂದು ಪಕ್ಕದಲ್ಲಿ ಕೂತು, ವಾರದ ಹಿಂದೆ ನಾನು ಕೇಳಿದ್ದಕ್ಕೆ ಉತ್ತರ ಹೇಳಿದಳು. ಮೊದಲ ವರ್ಷ ಅಣ್ಣಾ ನಗಲಿಲ್ಲವಂತೆ. ಮರುದಿನ ಅವರ ಜೊತೆ ಅವಳೂ ತವರಿಗೆ ಹೊರಟಿದ್ದಳು. ಗಾಡಿಯಲ್ಲಿ ಕಿಟಕಿಯ ಬಳಿ ಕೂತು ದೇಸೂರು ದಾಟುವವರೆಗೂ ಹೊರಗೇ ನೋಡುತ್ತಿದ್ದರಂತೆ. ಆಮೇಲೆ, ನಾನು ಖರೇನೇ ಅಷ್ಟು ಬಡಿಯುತ್ತೇನೇನು ಎಂದು ಕೇಳಿದರಂತೆ. ಹೌದು ಎಂದಳಂತೆ. ಖಾನಾಪುರ ಹತ್ತಿರ ಬಂದಾಗ ಅಣ್ಣಾ ಹೇಳಿದ್ದನ್ನು ಅವಳು ಹಾಗೆ ಹಾಗೆಯೇ ಕನ್ನಡಕ್ಕೆ ತಿರುಗಿಸಿ ಹೇಳಿದಳು: “ಮಂದಿ ನನ್ನ ಹಂಚ ನೋಡ್ಯಾರ, ನನ್ನ ಯಾರೂ ಇಷ್ಟು ನೋಡಿಲ್ಲ. ಆ ಹುಡುಗ ಭಾಳ ನೋಡ್ಯಾನ. ತಡಿ, ನಾನೂ ಅವನ್ನ ನೋಡತೇನಿ.” ಎರಡನೆಯ ವರ್ಷದಿಂದ ಅಣ್ಣಾ ಮೂರನೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಗುತ್ತಿದ್ದರಂತೆ. ಹದಿನೈದು ದಿನ ಮುಂಚೆ ಶಿಮಗಾದಲ್ಲಿ ತಾವು ನನ್ನನ್ನು ಆಡಿ, ಆಮೇಲೆ ನಮ್ಮಲ್ಲಿಗೆ ಬಂದು ನಾನು ಅವರನ್ನು ಆಡುವುದನ್ನು ನೋಡುತ್ತಿದ್ದರು. ಎರಡನ್ನೂ ಪ್ರತಿ ವರ್ಷ ನೋಡಿ, ಎರಡೂ ಕಡೆ ಬಾಯಿ ಬಿಡದೆ ಕೂತವಳು ಸುನಂದಾ ಒಬ್ಬಳೇ. ನನ್ನ ಕಣ್ಣು ತುಂಬಿಕೊಂಡವು. ನೋವು ಕೊಟ್ಟಿಲ್ಲವೆಂಬ ಸಮಾಧಾನಕ್ಕಿಂತ ಬೇರೆ ಒಂದು ಸಂಕಟ ಹೆಚ್ಚಾಗಿತ್ತು. ಅಷ್ಟು ವರ್ಷ ಅವರನ್ನು ನೋಡಿದೆ ಎಂದುಕೊಂಡವನಿಗೆ ಅವರು ಒಬ್ಬ ನಟ ಎಂಬುದೇ ಕಂಡಿರಲಿಲ್ಲ. ಹಂಚಿನ ಸಾಲುಗಳ ನಡುವೆ ಇದು ಕೇಳ್ರಿ, ಇದು ಕೇಳ್ರಿ ಎನ್ನುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಕಂಡದ್ದು ಅವರ ಕೈ ಮಾತ್ರ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಅಷ್ಟರಲ್ಲಿ ಗುರುಜಿ ಹತ್ತಿರ ಬಂದರು. ಅವರ ಮಂಡಳಿಯಲ್ಲೂ ಹೊಸ ಹುಡುಗರು ಇದೇ ತಕರಾರು ತೆಗೆದಿದ್ದರಂತೆ, ಕನ್ನಡದವನ ಪಾತ್ರ ಕನ್ನಡದವನೇ ಮಾಡಬೇಕೆಂದು. ಈಗ ಅಸಲು ಮಾಲೇ ಮನೆಗೆ ಬಂದಿದೆ, ಒಂದು ಸಲ ಮಾಡಿ ತೋರಿಸಬೇಕು ಎಂದು ಕೈಮುಗಿದರು. ಸುಭಾಷ ಸಂತೋಷದಿಂದ ಪಕ್ಕಕ್ಕೆ ಸರಿದ. ನಾನು ಎದ್ದೆ. ಇದರಷ್ಟು ಸುಲಭದ ಪಾತ್ರ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದುಕೊಂಡೆ. ಕಲಿಯುವುದಕ್ಕೆ ಏನಿದೆ, ನಾನು ನಾನಾಗಿರಬೇಕು, ಅಷ್ಟೇ. ಬಾಗಿಲಿನಿಂದ ಒಳಗೆ ಬಂದೆ. ಚಪ್ಪಲಿ ಸರಿ ಮಾಡಲು ಹೋದರೆ ಎಲ್ಲರೂ ನೋಡುತ್ತಿದ್ದಾರೆಂದು ಕಾಲು ತೊಡರಿಕೊಂಡಿತು. ಕೂರಲು ಹೋದೆ, ಕುರ್ಚಿ ನೋಡಿದ ಕೂಡಲೇ ನನ್ನ ಕೈ ನನ್ನನ್ನು ಕೇಳದೆ ಹೋಗಿ ಅದನ್ನು ಎರಡು ಸಲ ಬಡಿಯಿತು. ಮಾತು ತೆಗೆದರೆ ‘ಹೇ ಬಗಾ’ ಎಂದೇ ಬಂತು. ಇಪ್ಪತ್ತೆಂಟು ವರ್ಷ ಜನರೆದುರು ನಿಂತಾಗಲೆಲ್ಲ ನಾನು ಅವರಾಗಿದ್ದೆನಲ್ಲ, ಬೇರೆ ಯಾರೂ ಆಗಲು ದೇಹಕ್ಕೆ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಗೋಡೆಗೆ ಒರಗಿದ ಹೆಂಗಸರಲ್ಲಿ ಒಬ್ಬರು, ಅಣ್ಣಾನ ತಂಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಗುರುಜಿ ಬಹಳ ಒಳ್ಳೆಯ ಮನುಷ್ಯ. ನನಗೆ ನೋವಾಗಬಾರದೆಂದು ಮಾತನ್ನು ಆರಿಸಿ ಆರಿಸಿ ಕನ್ನಡದಲ್ಲೇ ಹೇಳಿದರು: “ನಿಮ್ಮ ಕಾಮ್ ಛಲೋ ಅದರಿ. ಖರೇ, ಕಾನಡಿ ಮನಷ್ಯಾ ಹಿಂಗ ಇರೂದಿಲ್ಲ. ನೀವು ಪಕ್ಕಾ ನಮ್ಮವರಂಗ ಕಾಣ್ತೀರಿ.” ಪಾತ್ರ ಸುಭಾಷನಿಗೇ ಉಳಿಯಿತು. ಬೆಳಗಾವಿಗೆ ಬಂದು ಅಕ್ಷತಾಳಿಗೆ ಎಲ್ಲ ಹೇಳಿದೆ. ಅವಳು ನಗದೆ ಕೊನೆಯವರೆಗೆ ಕೇಳಿ, ಹಾಗಿದ್ದರೆ ಮಾಮಾನ ಪಾತ್ರ ನೀವೇ ಇಟ್ಟುಕೊಳ್ಳಿ ಕಾಕಾ ಎಂದಳು. ನಾನೇ ಬೇಡವೆಂದೆ. ಸುಭಾಷ ಬರಲು ಒಪ್ಪಿದ್ದಾನೆ, ಅದು ಅವನ ಅಪ್ಪ. ನನಗೀಗ ಹುಡುಗಿಯ ಅಪ್ಪನ ಪಾತ್ರ ಕೊಟ್ಟಿದ್ದಾಳೆ. ನನ್ನದೇ ಭಾಷೆ, ನನ್ನದೇ ವಯಸ್ಸು, ನನ್ನದೇ ಅಂಗಿ. ಸಹಜವಾಗಿ ಮಾಡಿ ಕಾಕಾ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ, ಇನ್ನೂ ಬಂದಿಲ್ಲ.

ಮೊನ್ನೆ ಶಿಮಗಾಕ್ಕೆ ಖಾನಾಪುರಕ್ಕೆ ಹೋಗಿದ್ದೆವು. ನಿವೃತ್ತನಿಗೆ ಮಾರ್ಚ್ ಇಲ್ಲ. ಸುನಂದಾಳ ಬಾಜೂಕ್ಕೆ ಕೂತೆ, ಚಷ್ಮಾ ಹಾಕಿಕೊಂಡೇ ಕೂತೆ. ಸುಭಾಷ ಬಂದ, ಜನ ನಕ್ಕರು. ನಗಬೇಕೆಂದು ಬಾಯಿ ತೆರೆದೆ, ನಗು ಬರಲಿಲ್ಲ. ಮೊದಲ ವರ್ಷ ಅಣ್ಣಾನಿಗೂ ಬಂದಿರಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಈ ಸಲ ಅವನು ಹೊಸದೊಂದನ್ನು ಸೇರಿಸಿದ್ದ. ಜಾವಯಿ ತನ್ನ ಮಾವನಿಗೆ, ಹುಟ್ಟಿದಾಗಿನಿಂದ ಹಂಚಿನಲ್ಲೇ ಬೆಳೆದ ಮನುಷ್ಯನಿಗೆ, ಹಂಚನ್ನು ಹೇಗೆ ಒಟ್ಟಬೇಕು ಎಂದು ವಿವರಿಸುತ್ತಾನೆ. ಇದು ಮಾತ್ರ ಶುದ್ಧ ಸುಳ್ಳು ಎಂದು ನಾನು ಸುನಂದಾಳ ಕಿವಿಯಲ್ಲಿ ಹೇಳಿದೆ. ಅಣ್ಣಾನಿಗೆ ನಾನು ಕಲಿಸಿಲ್ಲ, ಹಂಚನ್ನು ಸ್ವಲ್ಪ ಓರೆಯಾಗಿ ಒಟ್ಟಿದರೆ ನೀರು ನಿಲ್ಲುವುದಿಲ್ಲ ಎಂದಷ್ಟೇ ಒಮ್ಮೆ ಹೇಳಿದ್ದು, ಯಾಕೆಂದರೆ ನೆಟ್ಟಗೆ ಇಟ್ಟರೆ ಕೆಳಗಿನ ಸಾಲಿಗೆ ಪಾಚಿ ಹಿಡಿಯುತ್ತದೆ, ಎರಡನೆಯದಾಗಿ ಗಾಳಿ ಆಡಬೇಕು, ಇನ್ನು ಮೂರನೆಯದು ಎನ್ನುವಷ್ಟರಲ್ಲಿ ಮುಂದಿನ ಸಾಲಿನವರು ತಿರುಗಿ ನೋಡಿದರು. ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡುತ್ತಿದ್ದಳು. ಮೇಲೆ ಸುಭಾಷ ಬೆರಳೆತ್ತಿ ಮೂರನೆಯ ಕಾರಣ ಹೇಳುತ್ತಿದ್ದ. ಆಗ ನನಗೆ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಣ್ಣಾನಿಗೆ ಎರಡನೆಯ ವರ್ಷ ಬಂದ ನಗು ನನಗೆ ಮೊದಲ ವರ್ಷವೇ ಬಂತಲ್ಲ ಎಂದು ನೆಟ್ಟಗೆ ಕೂತು, ಒಂದು ವರ್ಷದಷ್ಟಾದರೂ ಅವರಿಗಿಂತ ಮುಂದಿದ್ದೇನೆ ಎಂದು ಸುತ್ತ ಒಮ್ಮೆ ನೋಡಿದೆ. ಹಾಗೆ ನೋಡಿದ್ದನ್ನು ಮೇಲಿನಿಂದ ಸುಭಾಷ ಕಂಡಿದ್ದರೆ, ಬರುವ ಶಿಮಗಾಕ್ಕೆ ಅದೂ ಸೇರಿರುತ್ತದೆ.